ರಾಳದ ಪುಡಿ

"ಮಾತ್ರೆ ಬಿಟ್ಟ ಮೇಲೆ ನನಗೆ ಯಾವುದೂ ಹಿಡಿಸುತ್ತಿಲ್ಲ. ನನ್ನೊಳಗೆ ಸಂತೋಷವೆಂಬುದು ಸತ್ತೇಹೋಯಿತೇ?" ಎಂದು ಶಿಷ್ಯ ಹಾಲಪ್ಪ ಕೇಳಿದ.

ಅವನು ಲಾರಿ ಓಡಿಸುತ್ತಿದ್ದವನು. ನಿದ್ದೆ ಬಾರದಿರಲೆಂದು ಉತ್ತೇಜಕ ಮಾತ್ರೆ ನುಂಗಲು ತೊಡಗಿ, ಕೊನೆಗೆ ಅದಿಲ್ಲದೆ ಹಾಸಿಗೆ ಬಿಟ್ಟು ಏಳಲಾರದವನಾಗಿದ್ದ.

"ಮಿದುಳಿನಲ್ಲಿ ಹಿಗ್ಗಿನ ಸುದ್ದಿ ಒಯ್ಯುವ ರಸವೊಂದಿದೆ ಎಂದರು ಡಾಕ್ಟರು. ಮಾತ್ರೆ ಅದನ್ನು ಹೊಳೆಯಂತೆ ಹರಿಸಿತಂತೆ. ಆ ಹೊಡೆತ ತಾಳಲಾರದೆ ಮಿದುಳು ತನ್ನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡಿತಂತೆ. ಈಗ ಮಗಳು ನಕ್ಕರೂ ಒಳಗೆ ತಲುಪುವುದಿಲ್ಲ. ಬಿಟ್ಟು ಮೂರು ತಿಂಗಳಾಯಿತು. ನಡುವೆ ಒಂದೆರಡು ಸಲ ತಪ್ಪಿ ನುಂಗಿದ್ದುಂಟು. ಇನ್ನೂ ಕಾಯಲೋ, ಮತ್ತೆ ಅದಕ್ಕೇ ಹೋಗಲೋ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ವೀಳ್ಯದೆಲೆ ತೋಟಕ್ಕೆ ಬಾವಲಿಯ ಹಿಕ್ಕೆಯ ಗೊಬ್ಬರ ಬೇಕಿತ್ತು. ಹೆಂಡತಿಯನ್ನು ಕರೆದುಕೊಂಡು ಬೆಟ್ಟದ ಗವಿಗೆ ಹೋದ. ಆ ಸೀಮೆಯವರು ಗವಿಯೊಳಗೆ ದೀಪ ಒಯ್ಯುತ್ತಿರಲಿಲ್ಲ. ಗವಿಯ ಬಾಯಿ ದಾಟಿ, ನೆರಳಿನಲ್ಲಿ ಕೂತು, ಎಲೆಯಡಿಕೆ ಜಗಿಯುತ್ತಿದ್ದರು. ಜಗಿದು ಮುಗಿಯುವಷ್ಟರಲ್ಲಿ ಕಣ್ಣು ಕತ್ತಲಿಗೆ ಒಗ್ಗುತ್ತಿತ್ತು. ಆಮೇಲೆ ಒಳಗೆ ನಡೆಯುತ್ತಿದ್ದರು.

ರೈತನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಬಯಲಾಟದವರಿಂದ ಒಂದು ಚೀಲ ರಾಳದ ಪುಡಿ ತಂದಿದ್ದ. ರಾಕ್ಷಸ ರಂಗಕ್ಕೆ ಬರುವಾಗ ಪಂಜಿನ ಮೇಲೆ ಎರಚುತ್ತಾರಲ್ಲ, ಅದು.

"ಸ್ವಲ್ಪ ಕೂತು ಹೋಗೋಣ. ನಮ್ಮ ತವರಿನಲ್ಲಿ ಹಾಗೇ ಮಾಡುತ್ತಾರೆ" ಎಂದಳು ಹೆಂಡತಿ.

"ನಿಮ್ಮ ತವರಿನವರು ಎಣ್ಣೆಯ ಖರ್ಚಿಗೆ ಹೆದರಿ ಗೂಬೆಗಳಾದವರು. ನನ್ನ ಹಿಂದೆ ಬಾ" ಎಂದು ರೈತ ಪಂಜು ಹೊತ್ತಿಸಿ ಒಂದು ಹಿಡಿ ರಾಳ ಎರಚಿದ.

ಭಗ್ಗೆಂದಿತು! ಗವಿಯೆಲ್ಲ ನಡುಹಗಲಾಯಿತು. ಮೇಲೆ ಜೋತ ಬಾವಲಿಗಳ ರೆಕ್ಕೆಯ ನರಗಳೂ ಕಂಡವು. ರೈತ ಕುಣಿದಾಡಿದ. ಉರಿ ಇಳಿಯಿತು. ಪಂಜು ಉರಿಯುತ್ತಲೇ ಇತ್ತು, ಆದರೆ ಆ ಬೆಳಕು ಈಗ ಅವನಿಗೆ ಸಾಲಲಿಲ್ಲ. ಮತ್ತೆ ಎರಚಿದ. ಮೊದಲು ತಿರುವಿಗೊಮ್ಮೆ, ಆಮೇಲೆ ಹೆಜ್ಜೆಗೊಮ್ಮೆ. ಮೊದಲಿನ ಒಂದು ಹಿಡಿಗೆ ಕಂಡಷ್ಟು ಈಗ ಎರಡು ಹಿಡಿಗೂ ಕಾಣಲಿಲ್ಲ. ಗೊಬ್ಬರ ಮರೆತೇಹೋಯಿತು.

ಗವಿಯ ನಡುವೆ ಆಳವಾದ ಹೊಂಡವಿತ್ತು. ಅದರ ಅಂಚಿನ ಕಿರುದಾರಿ ದಾಟಿ ಒಳಗೆ ಹೋದ ಮೇಲೆ ಚೀಲ ಬರಿದಾಗುತ್ತ ಬಂತು. ರೈತ ಗಾಬರಿಯಾದ. ಉಳಿದ ಪುಡಿಯನ್ನೆಲ್ಲ ಎರಚಿ, ಆ ಬೆಳಕಿನಲ್ಲೇ ಹೊರಗೆ ಓಡಿಬಿಡುತ್ತೇನೆಂದು ಹೊರಟ. ಉರಿ ಇಳಿದಾಗ ಅವನ ಒಂದು ಕಾಲು ಹೊಂಡದ ಮೇಲಿತ್ತು. ಹೆಂಡತಿ ಅವನ ಪಂಚೆ ಹಿಡಿದು ಹಿಂದಕ್ಕೆ ಎಳೆದಳು. ಪಂಜು ಹೊಂಡಕ್ಕೆ ಬಿದ್ದು ಆರಿತು.

"ನನ್ನ ಕಣ್ಣೇ ಹೋಯಿತು!" ಎಂದು ರೈತ ಅತ್ತ.

"ಕಣ್ಣು ಹೋಗಿಲ್ಲ. ಆ ಉರಿಗೆ ಅಂಜಿ ಮುದುರಿಕೊಂಡಿದೆ. ಸುಮ್ಮನೆ ಕೂತರೆ ತಾನೇ ಬಿಚ್ಚಿಕೊಳ್ಳುತ್ತದೆ."

"ಸೊಂಟದಲ್ಲಿ ಚಕಮಕಿ ಇದೆ. ಒಂದೇ ಒಂದು ಕಿಡಿ."

"ಕಿಡಿ ಹಾರಿಸಿದರೆ ಮತ್ತೆ ಮೊದಲಿನಿಂದ ಕೂರಬೇಕು."

ಅವನು ಕೇಳಲಿಲ್ಲ. ಕಿಡಿ ಹಾರಿತು. ಕತ್ತಲು ಮೊದಲಿಗಿಂತ ದಪ್ಪವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಹಾರಿಸಿದ. ಹೆಂಡತಿ ಬಯ್ಯಲಿಲ್ಲ, ಕೈ ಚಾಚಿದಳು. ಮತ್ತೊಮ್ಮೆ ಅವನ ಕೈ ಸೊಂಟಕ್ಕೆ ಹೋಯಿತು. ಈ ಸಲ ಚಕಮಕಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

ಕೂತರು. ಏನೂ ಕಾಣಲಿಲ್ಲ. ಮತ್ತೂ ಕೂತರು. ಆಮೇಲೆ ಕಪ್ಪಿನಲ್ಲಿ ಒಂದು ಬೂದು ಗೆರೆ! ರೈತ ಉಸಿರು ಬಿಗಿಹಿಡಿದ. ಗೆರೆ ಬಂಡೆಯಾಯಿತು. ಬಂಡೆಯ ಕೆಳಗೆ ಹೊಂಡದ ಅಂಚು ಮೂಡಿತು, ಅಂಚಿನ ದಾರಿ ಮೂಡಿತು! ಪಕ್ಕದಲ್ಲೇ ಏನೋ ಮಿನುಗಿತು.

"ನಿನ್ನ ಮೂಗುಬೊಟ್ಟು! ನಿನ್ನ ಮೂಗುಬೊಟ್ಟು ಕಾಣುತ್ತಿದೆ ಕಣೇ!"

"ಮೆಲ್ಲಗೆ ಅನ್ನಿ. ಬಾವಲಿಗಳು ಎದ್ದರೆ ಗೊಬ್ಬರವನ್ನು ನೇರ ನಿಮ್ಮ ತಲೆಗೇ ಹಾಕುತ್ತವೆ" ಎಂದಳು.

ಬಂಡೆಯ ಬಿರುಕಿನಿಂದ ಆ ಬೆಳಕು ಬೆಳಗಿನಿಂದಲೂ ಬರುತ್ತಿತ್ತು. ಇಬ್ಬರೂ ಕೈಹಿಡಿದುಕೊಂಡು ಅಂಚಿನ ದಾರಿಯಲ್ಲಿ ಹೊರಗೆ ನಡೆದರು.

ಹಾಲಪ್ಪ ನೆಟ್ಟಗೆ ಕೂತಿದ್ದ. ಅವನ ಮುಖ ಕೆಂಪೇರಿತ್ತು.

"ಹಾಗಾದರೆ ನನಗೂ ಕಾಣುತ್ತದೆ! ಗುರುಗಳೇ, ಅವರು ಎಷ್ಟು ಹೊತ್ತು ಕೂರಬೇಕಾಯಿತು?"

"ಚಕಮಕಿಯನ್ನು ಅವಳ ಕೈಗೆ ಕೊಟ್ಟಾಗಿನಿಂದ ಎಣಿಸು" ಎಂದರು ಗುರುಗಳು.

ಹಾಲಪ್ಪ ಎಣಿಸಲು ಬಾಯಿ ತೆರೆದವನು, ಜೇಬಿನಲ್ಲಿ ಉಳಿಸಿಕೊಂಡಿದ್ದ ಮಾತ್ರೆಗಳನ್ನು ತೆಗೆದು ಗುರುಗಳ ಮುಂದಿಟ್ಟ.