ಮೊಣಕಾಲು ಮುಟ್ಟುವ ಹುಡುಗ

"ಗುರುಗಳೇ, ಎರಡು ಮನೆಯ ಅನ್ನ ಉಂಡವರು ಯಾವ ಮನೆಯ ಕಡೆ ನಿಲ್ಲಬೇಕು?" ಎಂದು ಚಂದ್ರಿಕಾ ಕೇಳಿದಳು.

ಅವಳು ಮೂರು ವರ್ಷ ಒಂದು ಕಾಲೇಜಿನ ಪರವಾಗಿ ಕಬಡ್ಡಿ ಆಡಿದ್ದಳು. ಈ ವರ್ಷ ಸೇರಿದ್ದು ಅದರ ಎದುರಾಳಿ ಕಾಲೇಜಿಗೆ. ಶನಿವಾರ ಈ ಎರಡರ ನಡುವೆಯೇ ಫೈನಲ್. ಹೊಸ ಗೆಳತಿಯರು ಹಳಬರ ಗುಟ್ಟು ಕೇಳುತ್ತಿದ್ದರು, ಹಳಬರು ಹೊಸಬರ ಗುಟ್ಟು ಕೇಳುತ್ತಿದ್ದರು. ಎಲ್ಲರಿಗೂ ಎಲ್ಲವನ್ನೂ ಹೇಳಿ ಹಗುರಾಗಿಬಿಡಲೇ ಎಂದೂ ಅವಳು ಕೇಳಿದಳು.

ಅವಳಿಗೆ ಗರಡಿಯಲ್ಲಿ ಪಟ್ಟು ಕಲಿಸಿದ ಚಿಕ್ಕೀರಯ್ಯ ಹೋಟೆಲಿನ ಬೆಂಚಿನ ಮೇಲೆ ಕಾಲು ಮಡಚಿ ಕೂತರು.

"ಸರಿಯಾದವನನ್ನೇ ಕೇಳಿದೆ ಕಣವ್ವ. ಒಂದೇ ಉಸಿರಿನಲ್ಲಿ ಏಳು ಜನರನ್ನೂ ಔಟ್ ಮಾಡಿ, ಎಂಟನೆಯವನು ಎಲ್ಲಿ ಎಂದು ಹುಡುಕಿದವನು ನಾನು" ಎಂದರು. ಕೂಡಲೇ ಅದು ಸುಳ್ಳೆಂದೂ, ಆ ಪಂದ್ಯದಲ್ಲಿ ತಾವು ಆಟಗಾರರಿಗೆ ನಿಂಬೆಹಣ್ಣು ಹಂಚುತ್ತಿದ್ದುದಾಗಿಯೂ ಒಪ್ಪಿಕೊಂಡರು. ಆದರೆ ಈಗ ಹೇಳುವ ಕತೆ ನಿಜ, ಮುಕ್ಕಾಲು ಪಾಲಾದರೂ ನಿಜ ಎಂದು ಶುರುಮಾಡಿದರು.

ಒಬ್ಬ ಡ್ರಿಲ್ ಮೇಷ್ಟ್ರು. ಕೋಟೆ ಕಾಲೇಜಿನಲ್ಲಿ ಹದಿನೆಂಟು ವರ್ಷ ಕಬಡ್ಡಿ ಕಲಿಸಿದರು. ಹನ್ನೆರಡೂ ಇರಬಹುದು, ಹದಿನೆಂಟು ಎಂದರೆ ಕತೆಗೊಂದು ತೂಕ. ಆಮೇಲೆ ಅವರಿಗೆ ಕೆರೆ ಕಾಲೇಜಿಗೆ ವರ್ಗವಾಯಿತು. ಈ ಎರಡು ಕಾಲೇಜುಗಳಿಗೆ ಎಣ್ಣೆ ಸೀಗೇಕಾಯಿ ಸಂಬಂಧ. ಮೇಷ್ಟ್ರು ಅಲ್ಲಿಗೆ ಸೇರಿದ ವರ್ಷವೇ ಎರಡೂ ತಂಡಗಳು ಫೈನಲ್ಲಿಗೆ ಬಂದವು.

ಕೋಟೆ ತಂಡದಲ್ಲಿ ಒಬ್ಬ ರೈಡರ್ ಹುಡುಗನಿದ್ದ. ಮೇಷ್ಟ್ರೇ ಬೆಳೆಸಿದವನು. ಎದುರಾಳಿಯ ಅಂಗಳಕ್ಕೆ ಹೋದರೆ ಬರಿಗೈಯಲ್ಲಿ ಬಂದವನಲ್ಲ. ಅವನಿಗೊಂದು ಅಭ್ಯಾಸವಿತ್ತು. ಎಡಕ್ಕೆ ನುಗ್ಗುವ ಮುಂಚೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಮ್ಮೆ ಬಲ ಮೊಣಕಾಲು ಮುಟ್ಟುತ್ತಿದ್ದ. ಅದನ್ನು ಕಂಡುಕೊಂಡಿದ್ದವರು ಮೇಷ್ಟ್ರೊಬ್ಬರೇ. ಯಾರಿಗೂ ಹೇಳಿರಲಿಲ್ಲ. ಈ ಫೈನಲ್ ನೋಡಲು ರೈಲ್ವೆ ತಂಡಕ್ಕೆ ಆಟಗಾರರನ್ನು ಆರಿಸುವವರು ಬರುವವರಿದ್ದರು. ಹುಡುಗ ಚೆನ್ನಾಗಿ ಆಡಿದರೆ ಅವನಿಗೆ ಕೆಲಸ, ಅವನ ಮನೆಗೆ ಅನ್ನ.

ಪಂದ್ಯದ ಮುನ್ನಾದಿನ ಕೆರೆ ತಂಡದ ನಾಯಕ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ.

"ಸಾರ್, ಉಂಡ ಮನೆ ಜಂತೆ ಎಣಿಸಬೇಡಿ. ಅವನನ್ನ ಹಿಡಿಯೋದು ಹೇಗೆ ಅಂತ ಹೇಳಿ."

ಮೇಷ್ಟ್ರಿಗೆ ದಿಕ್ಕು ತೋಚಲಿಲ್ಲ. ಹೇಳಿದರೆ ಕೋಟೆಯ ಜಂತೆ ಎಣಿಸಿದ ಹಾಗೆ, ಹೇಳದಿದ್ದರೆ ಕೆರೆಯ ಜಂತೆ. ಉಂಡದ್ದು ಎರಡೂ ಕಡೆ. ಕೊನೆಗೆ, ಸಂಬಳ ಈಗ ಎಲ್ಲಿಂದ ಬರುತ್ತಿದೆಯೋ ಅದೇ ಮನೆ ಎಂದುಕೊಂಡು ಮೊಣಕಾಲಿನ ಗುಟ್ಟು ಹೇಳಿಬಿಟ್ಟರು.

ಹೇಳಿದ ಮೇಲೆ ಎದೆಯ ಮೇಲೆ ಒರಳುಕಲ್ಲು ಕೂತಂತಾಯಿತು. ಬೆಳಿಗ್ಗೆ ಎದ್ದವರೇ ಕೋಟೆ ತಂಡ ಇಳಿದುಕೊಂಡಿದ್ದ ಜಾಗಕ್ಕೆ ಹೋದರು. ಹುಡುಗನನ್ನು ಪಕ್ಕಕ್ಕೆ ಕರೆದು, ನೀನು ಎಡಕ್ಕೆ ಹೋಗುವ ಮುಂಚೆ ಮೊಣಕಾಲು ಮುಟ್ಟುವುದನ್ನು ನಮ್ಮ ಹುಡುಗರಿಗೆ ಹೇಳಿಬಿಟ್ಟೆ, ಹುಷಾರಾಗಿರು ಎಂದರು.

ಹುಡುಗ ತನ್ನ ಕಾಲು ನೋಡಿಕೊಂಡ.

"ನಾನು ಮೊಣಕಾಲು ಮುಟ್ತೀನಾ ಸಾರ್?"

ಮುಟ್ಟುತ್ತೀಯ, ಇವತ್ತು ಮುಟ್ಟಿ ಬಲಕ್ಕೆ ಹೋಗು ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಅವರಿಗೆ ಎಷ್ಟು ಹಗುರವಾಯಿತೆಂದರೆ ದಾರಿಯಲ್ಲಿ ನಿಂತು ಎರಡು ಬಾಳೆಹಣ್ಣು ತಿಂದರು. ಆದರೆ ಮೈದಾನಕ್ಕೆ ಬಂದು, ತಮ್ಮನ್ನೇ ನಂಬಿ ಕೂತಿದ್ದ ಕೆರೆ ಹುಡುಗರ ಮುಖ ನೋಡಿದಾಗ ಒರಳುಕಲ್ಲು ವಾಪಸು ಬಂತು. ಕೋಟೆಯ ಹುಡುಗನಿಗೂ ವಿಷಯ ಗೊತ್ತಾಗಿದೆ, ಇನ್ನು ಬಲಕ್ಕೂ ಬರಬಹುದು, ಎಡಕ್ಕೂ ಬರಬಹುದು ಎಂದು ಅವರಿಗೂ ಹೇಳಿದರು. ಹೀಗೆ ಮೇಷ್ಟ್ರು ಯಾರಿಗೂ ಏನನ್ನೂ ಮುಚ್ಚಿಡಲಿಲ್ಲ.

ಆಟ ಶುರುವಾಯಿತು. ಹುಡುಗ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದ. ಅವನ ಕೈ ಮೊಣಕಾಲಿನ ಕಡೆ ಇಳಿಯಿತು, ಅರ್ಧಕ್ಕೆ ನಿಂತಿತು. ಕೆರೆಯ ಏಳೂ ಜನ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಬಿದ್ದವರನ್ನು ಮುಟ್ಟಿದ್ದರೂ ಸಾಕಿತ್ತು. ಹುಡುಗ ಮುಟ್ಟಲಿಲ್ಲ. ತನ್ನ ಕೈಯನ್ನೇ ನೋಡುತ್ತ ಅಂಗಳದ ನಡುವೆ ನಿಂತ. ಅಲ್ಲೇ ಉಸಿರು ಮುಗಿಯಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಜನ ನಕ್ಕರು. ರೈಲ್ವೆಯವರು ಅರ್ಧ ಆಟಕ್ಕೆ ಎದ್ದು ಹೋದರು.

ಗೆದ್ದವರು ಯಾರು ಎಂದು ಚಂದ್ರಿಕಾ ಕೇಳಿದಳು. ಕೋಟೆಯ ಕಡೆ ಹೋದಾಗ ಕೋಟೆ ಗೆದ್ದಿತೆಂದೂ ಕೆರೆಯ ಕಡೆ ಹೋದಾಗ ಕೆರೆ ಗೆದ್ದಿತೆಂದೂ ಹೇಳಿ ಹೇಳಿ, ಈಗ ತಮಗೇ ಮರೆತುಹೋಗಿದೆ ಎಂದರು ಚಿಕ್ಕೀರಯ್ಯ.

ಆಟ ಮುಗಿದ ಮೇಲೆ ಹುಡುಗ ಮೇಷ್ಟ್ರ ಹತ್ತಿರ ಬಂದ. ಬೈಯುತ್ತಾನೆ ಎಂದು ಅವರು ತಲೆ ತಗ್ಗಿಸಿ ನಿಂತರು. ಅವನು ಬೈಯಲಿಲ್ಲ.

"ಸಾರ್, ಮುಂಚೆ ನಾನು ಹೇಗೆ ಆಡ್ತಿದ್ದೆ?" ಎಂದು ಕೇಳಿದ.

ಹುಡುಗ ಮತ್ತೆಂದೂ ಅಂಗಳಕ್ಕೆ ಇಳಿಯಲಿಲ್ಲ.

ಕತೆ ನಿಂತಿತು. ಚಂದ್ರಿಕಾಳಿಗೆ ತಲೆ ಇನ್ನಷ್ಟು ಗೋಜಲಾಯಿತು. ಕೇಳಲು ಬಂದಾಗ ಎರಡು ದಾರಿ ಇದ್ದವು, ಈಗ ಒಂದೂ ಕಾಣುತ್ತಿರಲಿಲ್ಲ.

"ಆದರೆ ಗುರುಗಳೇ, ಮೇಷ್ಟ್ರು ಎರಡೂ ಕಡೆ ನಿಜವನ್ನೇ ಹೇಳಿದರಲ್ಲ. ಯಾರಿಗೂ ಮೋಸ ಮಾಡಲಿಲ್ಲವಲ್ಲ?"

"ಹೌದವ್ವ, ಎದೆಯ ಕಲ್ಲು ಇಳಿಸಿಕೊಂಡರು, ಇಳಿಸಿದ ಜಾಗ ಆ ಹುಡುಗನ ಮೊಣಕಾಲು."

ಚಿಕ್ಕೀರಯ್ಯ ಚಪ್ಪಲಿ ಮೆಟ್ಟಿಕೊಂಡು ಎದ್ದು, ಉತ್ತರ ಹೊಳೆಯುವವರೆಗೆ ಅಲ್ಲೇ ಕೂತಿರು, ಹಾಗೇ ನನ್ನ ಟೀಗೂ ಕೊಟ್ಟುಬಿಡು ಎಂದರು.