ಒಲ್ಲೆ ಎಂಬ ಗುಡ್ಡ

ಜರ್ಮನಿಯ ಒಂದು ಸಣ್ಣ ಹೊಳೆಯ ತಿರುವಿನಲ್ಲಿ, ದ್ರಾಕ್ಷಿ ತೋಟಗಳಿಗಿಂತ ಮೇಲೆ, ನೈನ್‌ಬೆರ್ಗ್ ಎಂಬ ಬೋಳು ಗುಡ್ಡವಿದೆ. ನೆತ್ತಿಯಲ್ಲೊಂದು ಪುಟ್ಟ ಇಗರ್ಜಿ, ಅದರ ಬಾಗಿಲ ಹೊರಗೊಂದು ಚಪ್ಪಡಿ. 'ಬೆರ್ಗ್' ಎಂದರೆ ಗುಡ್ಡ, ಸರಿ. 'ನೈನ್' ಎಂದರೆ ಅವರ ಮಾತಿನಲ್ಲಿ 'ಇಲ್ಲ', 'ಒಲ್ಲೆ'. ಗುಡ್ಡಕ್ಕೆ ಯಾರಾದರೂ ಅಂಥ ಹೆಸರಿಡುತ್ತಾರೆಯೇ! ಹೊಸಬರು ಅದು 'ನೊಯ್ನ್', ಅಂದರೆ ಒಂಬತ್ತು, ಇರಬೇಕೆಂದು ಸುತ್ತಲ ದಿಬ್ಬಗಳನ್ನೆಲ್ಲ ಎಣಿಸಿ ಸುಸ್ತಾಗುತ್ತಾರೆ. ಎಣಿಸಲಿ ಬಿಡಿ. ಊರಿನ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಏಳೆಂಟು ನೂರು ವರ್ಷಗಳ ಕೆಳಗೆ, ಈ ಸೀಮೆಯನ್ನಾಳುತ್ತಿದ್ದ ಬರ್ಟೋಲ್ಡನಿಗೆ ಯುಟ್ಟಾ ಎಂಬ ತಂಗಿಯಿದ್ದಳು. ಆಗ ಮದುವೆಗಳು ಇಗರ್ಜಿಯ ಒಳಗಲ್ಲ, ಹೊರಗಿನ ಚಪ್ಪಡಿಯ ಮೇಲೆ, ಹತ್ತು ಜನರ ಕಣ್ಣೆದುರು ನಡೆಯುತ್ತಿದ್ದವು. ಪಾದ್ರಿ ಕೇಳಬೇಕು, ಹೆಣ್ಣು 'ಯಾ' ಅನ್ನಬೇಕು. ಯಾ ಎಂದರೆ ನಮ್ಮ ಹೂಂ. ಗಡಿಜಗಳ ತೀರಲೆಂದು ಅಣ್ಣ ಅವಳನ್ನು ಹದಿನಾಲ್ಕರಲ್ಲೇ ನೆರೆಯ ದೊರೆಗೆ ಕೊಟ್ಟ, ಹೂಂ ಎಂದಳು. ಅವನು ಕುದುರೆಯಿಂದ ಬಿದ್ದು ಸತ್ತ. ಅಣ್ಣನ ಕಣ್ಣು ಒಂದು ಕೋಟೆಯ ಮೇಲೆ ಬಿತ್ತು, ಅದರ ಒಡೆಯನಿಗೆ ಕೊಟ್ಟ; ಅದಕ್ಕೂ ಹೂಂ. ಹೆಡ್ವಿಗ್ ಎಂಬ ಮಗಳನ್ನು ಅವಳ ಮಡಿಲಲ್ಲಿಟ್ಟು ಅವನೂ ಜ್ವರದಲ್ಲಿ ಹೋದ. ಮೂರನೆಯವನು ಅಪ್ಪನ ವಯಸ್ಸಿನವನು. ಅವನ ಹೆಣದ ಮುಂದೆ ಯುಟ್ಟಾಳಿಗೆ ಅಳು ಬರಲಿಲ್ಲ. ಬಂದವರಿಗೆಲ್ಲ ರೊಟ್ಟಿ ಸಾಕಾದೀತೋ ಇಲ್ಲವೋ ಎಂದಷ್ಟೇ ಯೋಚಿಸಿದಳಂತೆ. ದುಃಖವೂ ಇಲ್ಲ, ಹಗುರವೂ ಇಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು.

ವರ್ಷ ತುಂಬುವ ಮೊದಲೇ ಬರ್ಟೋಲ್ಡ ಬಂದ. "ತಂಗೀ, ಇನ್ನು ನಿನ್ನನ್ನು ಯಾರೂ ಕೇಳುವುದಿಲ್ಲ. ಹೆಡ್ವಿಗ್‌ಗೆ ಹನ್ನೆರಡಾಯಿತಲ್ಲ, ಆಚೆ ದಡದ ದೊರೆಗೆ ಕೊಟ್ಟುಬಿಡೋಣ," ಎಂದ. ಆ ದೊರೆಗೆ ಐವತ್ತು! ಯುಟ್ಟಾ ತುಟಿ ಬಿಚ್ಚಲಿಲ್ಲ, ಅಣ್ಣ ಅದನ್ನೇ ಒಪ್ಪಿಗೆ ಎಂದುಕೊಂಡ. ಮದುವೆಯ ಬೆಳಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದಳು: "ಅಮ್ಮಾ, ನನ್ನ ಬಾಯಿಂದ ಮಾತೇ ಹೊರಡದಿದ್ದರೆ?"

"ಆಗ ನಾನು ಹೇಳಬೇಕು, ಮಗೂ." ಅದು ಆ ಸೀಮೆಯ ಪದ್ಧತಿ; ಹುಡುಗಿಗೆ ದನಿ ಬಾರದಿದ್ದರೆ ಹೆತ್ತವಳ ಮಾತೇ ಅವಳ ಮಾತು.

ಹಾಗೆಯೇ ಆಯಿತು. ಚಪ್ಪಡಿಯ ಮೇಲೆ ನಿಂತ ಹೆಡ್ವಿಗ್ ಗಡಗಡ ನಡುಗಿದಳೇ ಹೊರತು ಬಾಯಿ ಬಿಡಲಿಲ್ಲ. "ತಾಯೀ, ನೀವೇ ಹೇಳಿ," ಎಂದ ಪಾದ್ರಿ. ಬರ್ಟೋಲ್ಡ ಆಗಲೇ ಊಟದ ಕಡೆ ತಿರುಗಿದ್ದ. ಇವಳು ಹೂಂ ಅಲ್ಲದೆ ಇನ್ನೇನಂದಾಳು ಎಂಬ ಧೈರ್ಯ ಅವನಿಗೆ. ಮೂರು ಸಲ ತಾನು ನಿಂತ ಕಲ್ಲಿನ ಮೇಲೆ ಮಗಳ ಪುಟ್ಟ ಪಾದಗಳನ್ನು ಯುಟ್ಟಾ ನೋಡಿದಳು.

"ನೈನ್," ಎಂದಳು.

ಪಾದ್ರಿ ತನ್ನ ಕಿವಿ ಕೆಟ್ಟಿತೆಂದು ಮತ್ತೆ ಕೇಳಿದ.

"ಒಲ್ಲೆ. ಅವಳನ್ನು ಕೊಡಲು ನಾನು ಒಲ್ಲೆ."

"ಹುಚ್ಚು ಹಿಡಿಯಿತೇನೇ ನಿನಗೆ!" ಎಂದು ಅಣ್ಣ ಹಾರಾಡಿದ. ಆದರೆ ಮಾತು ಹತ್ತು ಜನರ ಕಿವಿಗೆ ಬಿದ್ದಾಗಿತ್ತು. ಪಾದ್ರಿ ಪುಸ್ತಕ ಮುಚ್ಚಿದ. ಯುಟ್ಟಾಳಿಗೆ ಗೆದ್ದೆನೆಂಬ ಸಂತೋಷವೇನೂ ಆಗಲಿಲ್ಲ ಎನ್ನುತ್ತಾರೆ. ಅಣ್ಣ ಅರಮನೆಯ ಬಾಗಿಲು ಮುಚ್ಚಿಸಿದ. ತಾಯಿ ಮಗಳು ಇಗರ್ಜಿಯ ಹಿಂದಿನ ಕೋಣೆಯಲ್ಲಿ ಉಣ್ಣೆ ನೂತು ಬದುಕಿದರು.

ಇಂದು ಹೋದವರಿಗೆ ಸುತ್ತಲ ಊರುಗಳಲ್ಲಿ ಆ ಮೂವರು ಗಂಡಂದಿರ ಗೋರಿಗಳು ಕಾಣುತ್ತವೆ. ಮೂರರ ಪಕ್ಕದಲ್ಲೂ ಹೆಂಡತಿಗೆಂದು ಬಿಟ್ಟ ಜಾಗ ಖಾಲಿ ಇದೆ. ಯುಟ್ಟಾಳ ಗೋರಿ ಗುಡ್ಡದ ಮೇಲಿದೆ. ಆ ಕಾಲದಲ್ಲಿ ಹೆಂಗಸರ ಕಲ್ಲಿಗೆ 'ಇಂಥವನ ಹೆಂಡತಿ' ಎಂದು ಕೆತ್ತಿಸುವುದು ವಾಡಿಕೆ. ಇವಳ ಕಲ್ಲನ್ನು ಕೆತ್ತಿಸಿದವಳು ಹೆಡ್ವಿಗ್ ಎನ್ನುತ್ತಾರೆ. ಅದರಲ್ಲಿ ಇಷ್ಟೇ ಇದೆ: 'ಯುಟ್ಟಾ. ಹೆಡ್ವಿಗ್‌ಳ ತಾಯಿ.'