ಎಡಗೈ ಗಿಟಾರಿಗೆ ಬಲಗೈ ಗಿರಾಕಿ

ಈ ಗಿಟಾರ್ ಅರ್ಧ ರೇಟಿಗೆ ಹೆಂಗೆ ಸಿಕ್ತು ಅಂತ ಏನ್ ಕೇಳ್ತೀರ, ಎಡಚನಾಗಿ ಹುಟ್ಟಿದ ಕರ್ಮ. ಹಳೇ ಗಿಟಾರ್ ಮಾರೋ ಸಿದ್ದಲಿಂಗಣ್ಣನ ಅಂಗಡೀಲಿ ಎಡಗೈಯವರದ್ದು ಒಂದೇ ಒಂದಿತ್ತು.

"ಜಿಲ್ಲೆಗೇ ಇದೊಂದೇ. ಎಡಚರು ಹತ್ತು ಸಾವಿರ ಕೊಟ್ಟು ತಗೊಂಡೇ ತಗೋತಾರೆ" ಅಂದ್ರು.

ನಾನು ಬಲಗೈಯವನ ಥರ ಹಿಡಿದು ನುಡಿಸ್ದೆ. ಬೆಕ್ಕಿನ ಬಾಲ ತುಳಿದಂಗಾಯ್ತು.

"ತಂತಿ ಎಲ್ಲ ಉಲ್ಟಾ ಇದೆಯಲ್ಲಣ್ಣ. ಗೋಡೆಗೆ ತೂಗುಹಾಕ್ತೀನಿ, ಐದಕ್ಕೆ ಕೊಡಿ."

ಅಣ್ಣ ಗಿಟಾರಿನ ಮೇಲಿದ್ದ ಮೂರು ವರ್ಷದ ಧೂಳು ನೋಡಿ ಒಪ್ಪಿದ್ರು. ದುಡ್ಡು ಬಲಗೈಲೇ ಕೊಟ್ಟೆ, ಅದು ಅಮ್ಮ ಹೊಡೆದು ಕಲಿಸಿದ್ದು. ಮಾಲು ವಾಪಸ್ ಇಲ್ಲ ಅನ್ನೋ ಚೀಟಿಗೆ ಸಹಿ ಮಾತ್ರ ಮರೆತು ಎಡಗೈಲಿ ಹಾಕ್ಬಿಟ್ಟೆ.

ಅಣ್ಣ ನನ್ನ ಕೈ ನೋಡಿದ್ರು, ಮುಖ ನೋಡಿದ್ರು. "ನೀವು ಎಡಚರಾ?"

"ಈಗ ಇದನ್ನ ತಗೊಂಡ್ನಲ್ಲಣ್ಣ, ಅಭ್ಯಾಸ ಶುರು ಮಾಡ್ದೆ."

ಮನೆಗೆ ಬಂದು ಎಡಗೈಲಿ ನುಡಿಸಿ ತೋರಿಸ್ದೆ. ಹೆಂಡ್ತಿ ಪೂರ್ತಿ ಕೇಳಿ, "ಬಲಗೈದೇ ತಂದಿದ್ರೂ ಇಷ್ಟೇ ಇರ್ತಿತ್ತು ಬಿಡಿ" ಅಂದ್ಲು.